ಡಿಸ್ಪ್ಲೇ ಉರಿಯುತ್ತದೆ, ಹಾಡು ಓಡುತ್ತದೆ, ದನಿ ಮಾತ್ರ ಇಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹನ್ನೊಂದು ವರ್ಷ ಹಳೆಯ ಸಣ್ಣ ಕಾರಿದೆ. ಐದು ವರ್ಷದ ಹಿಂದೆ ಅದಕ್ಕೆ ಹೊರಗಡೆ ಸ್ಟೀರಿಯೊ ಹಾಕಿಸಿದ್ದೆ, ನಾಲ್ಕು ಬಾಗಿಲಲ್ಲೂ ಸ್ಪೀಕರ್ ಇದೆ. ಈ ಮಳೆಗಾಲದಲ್ಲಿ ದನಿ ಬಂದು ಹೋಗಿ ಮಾಡತೊಡಗಿತು. ಗುಂಡಿಗೆ ಬಿದ್ದಾಗ ನಾಲ್ಕರಲ್ಲೂ ಒಟ್ಟಿಗೆ ನಿಲ್ಲುತ್ತಿತ್ತು, ಸ್ವಲ್ಪ ದೂರ ಹೋದ ಮೇಲೆ ತಾನೇ ಶುರುವಾಗುತ್ತಿತ್ತು. ಈಗ ಹದಿನೈದು ದಿನದಿಂದ ಪೂರ್ತಿ ಮೌನ. ಡಿಸ್ಪ್ಲೇ ಉರಿಯುತ್ತದೆ, ಬ್ಲೂಟೂತ್ ಕೂಡುತ್ತದೆ, ಹಾಡಿನ ಸಮಯ ಓಡುತ್ತದೆ, ವಾಲ್ಯೂಮ್ ಅಂಕಿ ಏರಿಳಿಯುತ್ತದೆ. ಅಂಗಡಿಯವರು ಒಮ್ಮೆ ನೋಡಿ ‘ಬೋರ್ಡ್ ಹೋಗಿದೆ, ಹೊಸದು ಹಾಕಿಸಿ’ ಎಂದರು. ಮಲ್ಟಿಮೀಟರ್ ಬಳಸಲು ನನಗೆ ಬರುತ್ತದೆ, ಐಟಿಐಯಲ್ಲಿ ಬೆಸುಗೆ ಕಲಿತಿದ್ದೇನೆ. ನಾನೇ ರಿಪೇರಿ ಮಾಡಬಹುದೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಖಂಡಿತ ಮಾಡಬಹುದು. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಗುಂಡಿಗೆ ಬಿದ್ದಾಗ ನಿಂತು ಮತ್ತೆ ತಾನೇ ಶುರುವಾಗುತ್ತಿತ್ತು ಎಂದಿದ್ದೀರಿ, ನಾಲ್ಕರಲ್ಲೂ ಒಟ್ಟಿಗೆ ನಿಲ್ಲುತ್ತಿತ್ತು ಎಂದಿದ್ದೀರಿ. ಈ ಎರಡು ಮಾತುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸುಟ್ಟುಹೋದ ಬೋರ್ಡು ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹಾಡುವುದಿಲ್ಲ. ಬಂದು ಹೋಗುವ ದನಿ ಎಂದರೆ ಕೂಡಬೇಕಾದ್ದು ಎಲ್ಲೋ ಕೂಡುತ್ತಿಲ್ಲ, ಇಲ್ಲವೇ ತಾಗಬಾರದ್ದು ಎಲ್ಲೋ ತಾಗುತ್ತಿದೆ. ಇನ್ನು ನಾಲ್ಕು ಸ್ಪೀಕರು ಒಂದೇ ಗಳಿಗೆಯಲ್ಲಿ ಸಾಯುವುದಿಲ್ಲ. ಹಾಗಾಗಿ ತಪ್ಪು ನಾಲ್ಕಕ್ಕೂ ಸೇರಿದ ಯಾವುದೋ ಒಂದು ಜಾಗದಲ್ಲಿದೆ. ಅದು ಸೆಟ್ಟಿನ ಒಳಗೇ ಇರಬೇಕೆಂದೇನೂ ಇಲ್ಲ. ಒಂದು ಬಾಗಿಲಿನ ಒಂದು ತಂತಿ ಸಿಪ್ಪೆ ಸುಲಿದುಕೊಂಡು ಕಾರಿನ ಬಾಡಿಗೆ, ಅಂದರೆ ಅದರ ಲೋಹದ ಮೈಗೆ, ತಾಗಿದರೆ ನಾಲ್ಕೂ ಸ್ಪೀಕರು ಸುಮ್ಮನಾಗಬಹುದು. ಸ್ಪೀಕರ್ ತಂತಿಗಳನ್ನು ಬಿಚ್ಚಿ ನೋಡದೆ ‘ಬೋರ್ಡ್ ಹೋಗಿದೆ’ ಎಂದು ಯಾರೂ ಹೇಳಲಾಗದು. ಹೀಗೆ ಹೇಳಿ ಕಳಿಸಿದ ಎಷ್ಟೋ ಸೆಟ್‌ಗಳು ನನ್ನ ಮೇಜಿನ ಮೇಲೆ ಯಾವ ರಿಪೇರಿಯೂ ಇಲ್ಲದೆ ಹಾಡಿವೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಐದು ನಿಮಿಷ ಸೆಟ್ಟಿಂಗ್ ನೋಡಿ. ದನಿಯನ್ನು ಹಿಂದೆಮುಂದೆ ಸರಿಸುವ ಫೇಡರ್, ಎಡಬಲಕ್ಕೆ ಸರಿಸುವ ಬ್ಯಾಲೆನ್ಸ್ ಎರಡೂ ಮಧ್ಯದಲ್ಲಿರಲಿ. ದನಿ ನಿಲ್ಲಿಸುವ ಮ್ಯೂಟ್ ಅಥವಾ ತಗ್ಗಿಸುವ ಅಟೆನ್ಯುಯೇಟ್ ಗುಂಡಿ ಒತ್ತಿದ ಸ್ಥಿತಿಯಲ್ಲಿ ಇರಬಾರದು. ಫೋನಿನ ವಾಲ್ಯೂಮ್ ಬೇರೆ, ಸೆಟ್ಟಿನ ವಾಲ್ಯೂಮ್ ಬೇರೆ, ಎರಡನ್ನೂ ಏರಿಸಿ. ಬ್ಲೂಟೂತ್ ಬಿಟ್ಟು ರೇಡಿಯೊಗೆ ಬಂದು ಭದ್ರಾವತಿ ಆಕಾಶವಾಣಿ ಹಾಕಿ, ಆಮೇಲೆ ಪೆನ್‌ಡ್ರೈವ್ ಹಾಕಿ ನೋಡಿ. ಒಂದರಲ್ಲಿ ದನಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಮುಂದಿನದೇನೂ ಬೇಡ, ಆ ಮೂಲದ್ದೇ ತೊಂದರೆ. ಮುಂಭಾಗದಲ್ಲಿ ಪೆನ್ನಿನ ತುದಿ ತೂರುವಷ್ಟು ಸಣ್ಣ ರಿಸೆಟ್ ತೂತು ಇದ್ದರೆ ಅದರಿಂದಲೇ ಒಮ್ಮೆ ಒತ್ತಿ. ಡಿಸ್ಪ್ಲೇಯಲ್ಲಿ ಏನಾದರೂ ಬರಹ ಮಿಂಚಿ ಹೋಗುತ್ತದೆಯೇ ಎಂದೂ ಗಮನಿಸಿ. ಪಯೋನಿಯರ್ ಸೆಟ್‌ಗಳು ‘ಆಂಪ್ ಎರರ್’ ಎಂದೂ, ಕೆನ್‌ವುಡ್ ‘ಪ್ರೊಟೆಕ್ಟ್’ ಎಂದೂ, ಜೆವಿಸಿ ‘ಮಿಸ್‌ವೈರಿಂಗ್’ ಎಂದೂ ತೋರಿಸುವುದುಂಟು. ಇದರಲ್ಲಿ ಯಾವುದನ್ನು ಕಂಡರೂ ಮೊದಲು ಸ್ಪೀಕರ್ ತಂತಿಗಳನ್ನು ಅನುಮಾನಿಸಿ. ಆ ಕಂಪನಿಗಳ ಕೈಪಿಡಿಗಳೂ ಮೊದಲು ನೋಡಲು ಹೇಳುವುದು ಅದನ್ನೇ.

ಡಿಸ್ಪ್ಲೇ ಉರಿಯುತ್ತಿರುವುದರಿಂದ ಫ್ಯೂಸಿನ ಗೋಜಿಗೆ ಸದ್ಯ ಹೋಗಬೇಡಿ.

ಈಗ ಸೆಟ್ಟಿನೊಳಗೆ ದನಿ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದೊಂದು ತಿಳಿದರೆ ಉಳಿದ ಪರೀಕ್ಷೆಗಳು ತಾವಾಗಿಯೇ ಅರ್ಥವಾಗುತ್ತವೆ. ಹೆಚ್ಚಿನ ಕಾರ್ ಸ್ಟೀರಿಯೊಗಳಲ್ಲಿ ಹಿಂಬದಿಯಲ್ಲಿ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಒರಗಿ 25 ಕಾಲುಗಳ ಒಂದು ದೊಡ್ಡ ಐಸಿ (ಇಡೀ ಸರ್ಕ್ಯೂಟನ್ನು ಅಡಗಿಸಿಕೊಂಡ ಚಿಪ್) ನಿಂತಿರುತ್ತದೆ. ನಾಲ್ಕು ಸ್ಪೀಕರಿಗೂ ಬಲ ಕೊಡುವುದು ಅದೊಂದೇ. ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ಕಂಪನಿಯ ಟಿಡಿಎ 7388 ಅಂಥದ್ದೊಂದು, ನಮ್ಮಲ್ಲಿ ಬಹಳ ಸೆಟ್‌ಗಳಲ್ಲಿ ಅದೋ ಅದರ ಒಡಹುಟ್ಟಿದವೋ ಸಿಗುತ್ತವೆ. ಕಾರಿನಲ್ಲಿ ಸಿಗುವುದು ಎಂಜಿನ್ ಓಡುವಾಗ 14.4 ವೋಲ್ಟ್ ಮಾತ್ರ. ಸ್ಪೀಕರಿನ ಒಂದು ತುದಿಯನ್ನು ಬಾಡಿಗೆ ಕೊಟ್ಟು ಇನ್ನೊಂದನ್ನು ಮಾತ್ರ ಕುಣಿಸಿದರೆ 4 ಓಮಿನ ಸ್ಪೀಕರಿಗೆ ಲೆಕ್ಕದ ಪ್ರಕಾರ ಆರೂವರೆ ವ್ಯಾಟ್ ದಾಟುವುದಿಲ್ಲ. ಅದಕ್ಕೇ ಈ ಐಸಿ ಎರಡೂ ತುದಿಗಳನ್ನು ಕುಣಿಸುತ್ತದೆ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಇದರಿಂದ ಬಲ ನಾಲ್ಕು ಪಟ್ಟಾಗಿ ಸುಮಾರು 26 ವ್ಯಾಟಿಗೆ ಬರುತ್ತದೆ. ಡಬ್ಬದ ಮೇಲೆ ‘50 ವ್ಯಾಟ್ ಗುಣಿಸು 4’ ಎಂದು ಬರೆದಿರುವುದು ಅಲೆ ಚೌಕವಾಗುವಷ್ಟು ಕಿರುಚಿಸಿದಾಗಿನ ಲೆಕ್ಕ. ಹಾಡು ಚೆನ್ನಾಗಿ ಕೇಳುವ ಸ್ಥಿತಿಯಲ್ಲಿ ಒಂದೊಂದು ಸ್ಪೀಕರಿಗೆ 20 ವ್ಯಾಟಿನ ಆಸುಪಾಸು ಸಿಕ್ಕರೆ ಒಳ್ಳೆಯ ಸೆಟ್ಟು.

ಹೀಗೆ ಎರಡೂ ತುದಿ ಜೀವಂತವಾಗಿರುವುದರಿಂದ ಮೂರು ಸಂಗತಿ ಹೊರಡುತ್ತವೆ. ಒಂದು, ಸ್ಪೀಕರಿಗೆ ಹೋಗುವ ಎರಡು ತಂತಿಗಳಲ್ಲಿ ಯಾವುದೂ ಅರ್ತ್ ಅಲ್ಲ. ಮೈನಸ್ ಎಂದು ಗುರುತು ಹಾಕಿದ್ದೂ ಅಲ್ಲ. ಅದು ಬಾಡಿಗೆ ತಾಗಿದರೆ ಐಸಿಯ ಬಾಯಿಗೆ ನೇರವಾಗಿ ಶಾರ್ಟ್. ಎರಡು, ಹಾಡು ಇಲ್ಲದಿದ್ದರೂ ಐಸಿ ಎಚ್ಚರವಾಗಿದ್ದರೆ ಪ್ರತಿ ಸ್ಪೀಕರ್ ತಂತಿಯಲ್ಲೂ ಬ್ಯಾಟರಿಯ ಸುಮಾರು ಅರ್ಧ ವೋಲ್ಟೇಜ್ ನಿಂತಿರುತ್ತದೆ, ಅಂದರೆ ಆರು ವೋಲ್ಟಿನಷ್ಟು. ಎರಡು ತುದಿಯಲ್ಲೂ ಅಷ್ಟೇ ಇರುವುದರಿಂದ ಸ್ಪೀಕರಿಗೆ ಅದು ಗೊತ್ತಾಗುವುದಿಲ್ಲ. ಮೂರು, ಶಾರ್ಟ್ ಕಂಡಕೂಡಲೇ ಐಸಿ ತನ್ನನ್ನು ಉಳಿಸಿಕೊಳ್ಳಲು ಹಿಂದೆ ಸರಿಯುತ್ತದೆ. ಕೆಲವು ಸೆಟ್‌ಗಳಲ್ಲಿ ಆ ಒಂದು ಸ್ಪೀಕರಿನ ಚಾನಲ್ ಮಾತ್ರ ನಿಲ್ಲುತ್ತದೆ. ಬಹಳಷ್ಟರಲ್ಲಿ ಸೆಟ್ಟಿನ ಕಂಟ್ರೋಲರ್ ಅಪಾಯದ ಸೂಚನೆ ಹಿಡಿದು ನಾಲ್ಕನ್ನೂ ಬಾಯಿ ಮುಚ್ಚಿಸುತ್ತದೆ. ನಿಮ್ಮಲ್ಲಿ ಇದೇ ಆಗಿದೆ ಎಂಬುದು ನನ್ನ ಮೊದಲ ಅನುಮಾನ.

ಇನ್ನು ಕೆಲಸಕ್ಕೆ ಇಳಿಯೋಣ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕಾರಿನ ಜೊತೆಗೇ ಬಂದ ಸೆಟ್ಟಾಗಿದ್ದರೆ ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೇಳುವ ಸಾಧ್ಯತೆ ಇರುವುದರಿಂದ ಮೊದಲೇ ಹುಡುಕಿಟ್ಟುಕೊಳ್ಳಬೇಕಿತ್ತು. ನಿಮ್ಮದು ಹೊರಗಡೆ ಹಾಕಿಸಿದ್ದು, ಸಾಮಾನ್ಯವಾಗಿ ಆ ಚಿಂತೆ ಇಲ್ಲ. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಸ್ಕ್ರೂಡ್ರೈವರಿನಿಂದ ಎಬ್ಬಬೇಡಿ, ಹಳೆಯ ಎಟಿಎಂ ಕಾರ್ಡು ಅಥವಾ ಪ್ಲಾಸ್ಟಿಕ್ ಸ್ಕೇಲು ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ. ಬೆಳಗಿನ ಚಳಿಯಲ್ಲಿ ಹಳೆಯ ಪ್ಲಾಸ್ಟಿಕ್ ಚಟ್ಟನೆ ಮುರಿಯುತ್ತದೆ, ಸ್ವಲ್ಪ ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾಡುವುದು ಒಳ್ಳೆಯದು. ಬದಿಯ ಸ್ಕ್ರೂಗಳನ್ನು ಬಿಚ್ಚಿ ಸೆಟ್ಟನ್ನು ಮುಂದಕ್ಕೆ ಎಳೆದು ಹಿಂದಿನ ಕಪ್ಲರ್ (ತಂತಿಗಳು ಕೂಡುವ ಪ್ಲಗ್ಗು) ತೆಗೆಯಿರಿ, ಆಂಟೆನಾ ಎಳೆಯಿರಿ. ಡ್ಯಾಶ್‌ಬೋರ್ಡಿನ ಒಳಗೆ ಹಳದಿ ಕೊಳವೆಯ ಅಥವಾ ಹಳದಿ ಕಪ್ಲರಿನ ತಂತಿಗಳು ಕಂಡರೆ ಅವು ಏರ್‌ಬ್ಯಾಗಿನವು. ಅವುಗಳಿಗೆ ಮೀಟರಿನ ಕಡ್ಡಿಯನ್ನು ಎಂದೂ ತಾಗಿಸಬೇಡಿ.

ಹೊರಗಡೆ ಹಾಕಿಸಿದ ಸೆಟ್ಟಿನ ತಂತಿ ಬಣ್ಣಗಳು ಬಹುಪಾಲು ಒಂದೇ ಪದ್ಧತಿಯವು. ಹಳದಿ ಸದಾ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ 12 ವೋಲ್ಟ್, ಕಪ್ಪು ಅರ್ತ್. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಆ ಸ್ಪೀಕರಿನ ಮೈನಸ್. ಆದರೆ ಅಂಗಡಿಯಲ್ಲಿ ಜೋಡಿಸಿದವರು ಮಧ್ಯದಲ್ಲಿ ಬೇರೆ ಬಣ್ಣದ ತುಂಡು ಸೇರಿಸಿರುವುದು ಸಾಮಾನ್ಯ, ಆದ್ದರಿಂದ ಬಣ್ಣವನ್ನು ಪೂರ್ತಿ ನಂಬದೆ ತಂತಿಯನ್ನು ಹಿಂಬಾಲಿಸಿ ನೋಡಿ. ಜೋಡಣೆಗಳ ಮೇಲಿನ ಟೇಪನ್ನು ಮುಟ್ಟಿ ನೋಡಿ. ಐದು ಬೇಸಗೆ ಕಂಡ ಅಗ್ಗದ ಟೇಪಿನ ಅಂಟು ಕರಗಿ, ಟೇಪು ಜಾರಿ, ಬರಿಯ ತಾಮ್ರ ಹೊರಗೆ ನಿಂತಿರುತ್ತದೆ. ಅಲ್ಲೇ ಪಕ್ಕದಲ್ಲಿ ಡ್ಯಾಶಿನ ಕಬ್ಬಿಣದ ಪಟ್ಟಿ. ಗುಂಡಿಗೆ ಬಿದ್ದಾಗ ಇವೆರಡೂ ತಾಗುತ್ತವೆ. ನಿಮ್ಮ ರೋಗಕ್ಕೆ ಇಷ್ಟೇ ಕಾರಣವಾಗಿದ್ದರೂ ನನಗೆ ಆಶ್ಚರ್ಯವಿಲ್ಲ.

ಮೊದಲ ಅಳತೆ ಕಪ್ಲರಿನಲ್ಲಿ, ಕಾರಿನ ಕಡೆಯ ತಂತಿಗಳ ಮೇಲೆ, ಸೆಟ್ಟು ಪೂರ್ತಿ ಬಿಚ್ಚಿಟ್ಟು. ಮೀಟರನ್ನು 200 ಓಮಿಗೆ ಇಟ್ಟು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಆಗ ಕಾಣುವ ಅಂಕಿ ಮೀಟರಿನ ತಂತಿಗಳದ್ದೇ, ಅದನ್ನು ಕಳೆಯಬೇಕು. ಈಗ ಬಿಳಿ ಮತ್ತು ಬಿಳಿಕಪ್ಪು ನಡುವೆ ಅಳೆಯಿರಿ. 4 ಓಮಿನ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8ರ ಒಳಗೆ ತೋರಿಸುತ್ತದೆ. ಒಂದು ಓಮಿಗೂ ಕಡಿಮೆ ಬಂದರೆ ಆ ಜೋಡಿ ಎಲ್ಲೋ ಒಂದಕ್ಕೊಂದು ತಾಗಿದೆ, ಇಲ್ಲವೇ ಸ್ಪೀಕರಿನ ಸುರುಳಿ ಸುಟ್ಟು ಸೇರಿಕೊಂಡಿದೆ. ಏನೂ ಬರದಿದ್ದರೆ ತಂತಿ ಕಡಿದಿದೆ, ಇಲ್ಲವೇ ಸುರುಳಿ ಕಡಿದಿದೆ; ಇದರಿಂದ ಆ ಒಂದು ಸ್ಪೀಕರ್ ಸುಮ್ಮನಾಗಬಹುದೇ ಹೊರತು ನಾಲ್ಕೂ ಅಲ್ಲ. ನಾಲ್ಕು ಜೋಡಿಯನ್ನೂ ಅಳೆದು ಕಾಗದದ ಮೇಲೆ ಬರೆದಿಡಿ.

ಎರಡನೆಯ ಅಳತೆ ಇನ್ನೂ ಮುಖ್ಯ. ಒಂದು ಕಡ್ಡಿಯನ್ನು ಕಾರಿನ ಬಾಡಿಗೆ, ಬಣ್ಣ ಇಲ್ಲದ ಬೋಲ್ಟಿಗೆ ಹಿಡಿಯಿರಿ. ಇನ್ನೊಂದನ್ನು ಎಂಟು ಸ್ಪೀಕರ್ ತಂತಿಗಳಿಗೂ ಒಂದೊಂದಾಗಿ ತಾಗಿಸಿ. ಎಲ್ಲಿಯೂ ಏನೂ ತೋರಿಸಬಾರದು. ಇಲ್ಲಿ ಬೀಪ್ ಸದ್ದನ್ನು ನೆಚ್ಚಬೇಡಿ, ಮೀಟರಿನ ಬೀಪು ಕೆಲವೇ ಹತ್ತು ಓಮುಗಳ ಒಳಗಿದ್ದರೆ ಮಾತ್ರ ಕೂಗುತ್ತದೆ. ನೀರು ಕುಡಿದ ಜೋಡಣೆ ಸಾವಿರಾರು ಓಮ್ ತೋರಿಸುತ್ತಾ ಬೀಪಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ 200 ಓಮಿನಲ್ಲಿ ಒಮ್ಮೆ, 2 ಮೆಗಾಓಮಿನಲ್ಲಿ ಒಮ್ಮೆ ನೋಡಿ. ಅಳೆಯುತ್ತಿರುವಾಗ ಮನೆಯವರೊಬ್ಬರಿಗೆ ಆ ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಲು ಹೇಳಿ. ಗಾಜು ಏರಿಸಿ ಇಳಿಸಲು ಹೇಳಿ. ಪವರ್ ವಿಂಡೊ ಆಗಿದ್ದರೆ ಅದಕ್ಕಾಗಿ ಬ್ಯಾಟರಿ ಮತ್ತೆ ಜೋಡಿಸಬೇಕಾಗುತ್ತದೆ, ಸೆಟ್ಟು ಬಿಚ್ಚಿಟ್ಟಿರುವುದರಿಂದ ತೊಂದರೆಯಿಲ್ಲ. ಅಂಕಿ ಒಮ್ಮೆ ಕುಣಿದರೂ ಸಾಕು, ಕಳ್ಳ ಯಾವ ಬಾಗಿಲಲ್ಲಿದ್ದಾನೆ ಎಂದು ಗೊತ್ತಾಯಿತು.

ಬಾಗಿಲಿನಲ್ಲಿ ಹುಡುಕಬೇಕಾದ ಜಾಗ ಮೂರು. ಬಾಗಿಲಿಗೂ ಅದನ್ನು ಹಿಡಿದ ಕಾರಿನ ಕಂಬಕ್ಕೂ ನಡುವಿನ ರಬ್ಬರ್ ಸೊಂಡಿಲು ಮೊದಲನೆಯದು. ಸಾವಿರಾರು ಸಲ ಮಡಿಚಿ ಬಿಡಿಸಿ ಅಲ್ಲಿ ತಂತಿಯ ಸಿಪ್ಪೆ ಸೀಳುತ್ತದೆ, ಎಷ್ಟೋ ಸಲ ಜೋಡಿಸಿದವರು ಆ ಸೊಂಡಿಲಿನೊಳಗೆ ತೂರಿಸುವ ಕಷ್ಟ ಪಡದೆ ಪಕ್ಕದಲ್ಲಿ ಕೊರೆದ ತೂತಿನಿಂದ ಎಳೆದಿರುತ್ತಾರೆ, ಆ ತೂತಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಎರಡನೆಯದು ಗಾಜಿನ ದಾರಿ. ಸಡಿಲವಾಗಿ ನೇತಾಡುವ ತಂತಿ ಗಾಜು ಎತ್ತುವ ಯಂತ್ರಕ್ಕೆ ಸಿಕ್ಕಿ ಉಜ್ಜಿರುತ್ತದೆ. ಮೂರನೆಯದು ಸ್ಪೀಕರಿನ ಹಿಂಬದಿ. ನಿಮ್ಮ ಸೀಮೆಯಲ್ಲಿ, ಆಗುಂಬೆಯ ಮಳೆಯ ಪಕ್ಕದಲ್ಲಿ, ಇದನ್ನು ಮರೆಯುವ ಹಾಗೇ ಇಲ್ಲ. ಗಾಜಿನ ಮೇಲೆ ಬಿದ್ದ ನೀರು ಬಾಗಿಲಿನ ಒಳಗೇ ಇಳಿದು ಕೆಳಗಿನ ಸಣ್ಣ ತೂತುಗಳಿಂದ ಹೊರಹೋಗುವಂತೆ ಕಾರನ್ನು ಮಾಡಿರುತ್ತಾರೆ. ಬಾಗಿಲಿನ ಒಳಭಾಗ ಮಳೆಗಾಲವಿಡೀ ಒದ್ದೆ. ಆ ನೀರು ಒಳಗಿನ ಹಲಗೆಗೆ, ಕ್ಯಾಬಿನ್ನಿಗೆ ಬರದಂತೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದು ಇರುತ್ತದೆ. ಸ್ಪೀಕರ್ ಹಾಕುವ ಅವಸರದಲ್ಲಿ ಅದನ್ನು ಹರಿದು ಎಸೆಯುತ್ತಾರೆ. ಆಮೇಲೆ ಸ್ಪೀಕರಿನ ಟರ್ಮಿನಲ್ಲು ಹಸಿರು ಹಿಡಿಯುತ್ತದೆ, ಕಾಗದದ ಕೋನು ಹಪ್ಪಳದಂತೆ ಮೆತ್ತಗಾಗುತ್ತದೆ. ನೀವು ಹಲಗೆ ಬಿಚ್ಚಿದಾಗ ಹಾಳೆ ಇಲ್ಲದಿದ್ದರೆ ದಪ್ಪ ಪಾಲಿಥೀನ್ ಕತ್ತರಿಸಿ ಸುತ್ತ ಬ್ಯುಟೈಲ್ ಟೇಪಿನಿಂದ ಅಂಟಿಸಿ, ಕೆಳ ಅಂಚು ಬಾಗಿಲಿನ ಒಳಕ್ಕೆ ಬಾಗಿರಲಿ. ಬಾಗಿಲ ಕೆಳಗಿನ ತೂತುಗಳಲ್ಲಿ ಕೆಸರು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ. ಇಲಿಗಳನ್ನೂ ಮರೆಯಬೇಡಿ, ಅಡಿಕೆ ಚಪ್ಪರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಕಾರ್ಪೆಟ್ಟಿನ ಅಡಿಯ ಹಿಂದಿನ ಸ್ಪೀಕರ್ ತಂತಿ ಅವಕ್ಕೆ ಸುಲಭವಾಗಿ ಸಿಗುತ್ತದೆ.

ಎಂಟು ತಂತಿಯ ಬದಲು ಆರೋ ಐದೋ ಮಾತ್ರ ಬಂದಿವೆಯೇ, ಎರಡು ಸ್ಪೀಕರಿನ ಮೈನಸ್‌ಗಳನ್ನು ಒಂದೇ ತಂತಿಗೆ ಕಟ್ಟಿದ್ದಾರೆಯೇ ಎಂದೂ ನೋಡಿ. ಅಂಬಾಸಿಡರ್, ಪದ್ಮಿನಿ ಕಾಲದ ಹಳೆಯ ಸೆಟ್‌ಗಳಿಗೆ ಸ್ಪೀಕರಿನ ಒಂದು ತುದಿಯನ್ನು ಬಾಡಿಗೆ ಕೊಡುವುದು ಸರಿಯಿತ್ತು, ಆಗಿನ ಸರ್ಕ್ಯೂಟೇ ಬೇರೆ. ಆ ಅಭ್ಯಾಸ ಕೈಯಲ್ಲಿ ಉಳಿದವರು ಈಗಲೂ ಹಾಗೇ ಕಟ್ಟುತ್ತಾರೆ. ಈಗಿನ ಸೆಟ್ಟಿಗೆ ಅದು ವಿಷ. ಪ್ರತಿ ಸ್ಪೀಕರಿಗೂ ಅದರದೇ ಎರಡು ತಂತಿ ಸೆಟ್ಟಿನವರೆಗೆ ಬರಲೇಬೇಕು.

ಈಗ ನಿರ್ಣಾಯಕ ಪರೀಕ್ಷೆ. ಎಂಟೂ ಸ್ಪೀಕರ್ ತಂತಿಗಳನ್ನು ಸೆಟ್ಟಿನ ಕಪ್ಲರಿನಿಂದ ಬೇರ್ಪಡಿಸಿ, ಒಂದೊಂದರ ತುದಿಗೂ ಟೇಪು ಸುತ್ತಿ. ಹಳದಿ, ಕೆಂಪು, ಕಪ್ಪು ಮಾತ್ರ ಇರಲಿ. ಮನೆಯಲ್ಲಿ ಬಿದ್ದಿರುವ ಯಾವುದಾದರೂ 4 ಅಥವಾ 8 ಓಮಿನ ಸ್ಪೀಕರ್ ತಂದು ಅದರ ಎರಡು ತಂತಿಗಳನ್ನು ಬಿಳಿ ಜೋಡಿಗೆ ಮಾತ್ರ ಕೂಡಿಸಿ. ಬ್ಯಾಟರಿ ಜೋಡಿಸಿ, ರಿಸೆಟ್ ಒತ್ತಿ, ವಾಲ್ಯೂಮ್ ಕಡಿಮೆ ಇಟ್ಟು ಹಾಡು ಹಾಕಿ. ದನಿ ಬಂತೇ? ಹಾಗಿದ್ದರೆ ನಿಮ್ಮ ಸೆಟ್ಟಿಗೆ ಏನೂ ಆಗಿಲ್ಲ, ತಪ್ಪು ಕಾರಿನ ತಂತಿಯದ್ದು. ಉಳಿದ ಮೂರು ಜೋಡಿಯನ್ನೂ ಇದೇ ಸ್ಪೀಕರಿನಿಂದ ಪರೀಕ್ಷಿಸಿ, ಆಮೇಲೆ ಕಾರಿನ ಸ್ಪೀಕರುಗಳನ್ನು ಒಂದೊಂದಾಗಿ ಕೂಡಿಸುತ್ತಾ ಬನ್ನಿ. ಪ್ರತಿ ಸಲವೂ ಸೆಟ್ಟು ಆಫ್ ಮಾಡಿಯೇ ಕೂಡಿಸಿ. ಯಾವುದನ್ನು ಕೂಡಿಸಿದಾಗ ಎಲ್ಲವೂ ಸುಮ್ಮನಾಗುತ್ತದೋ ಅದೇ ಅಪರಾಧಿ. ಆ ಬಾಗಿಲಿಗೆ ಹೊಸ ತಂತಿ ಎಳೆದರೆ ಕೆಲಸ ಮುಗಿಯಿತು.

ದನಿ ಬರಲಿಲ್ಲ ಎಂದುಕೊಳ್ಳಿ. ಆ ಸ್ಪೀಕರನ್ನೂ ತೆಗೆದು ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಬಾಡಿಗೆ, ಕೆಂಪು ಕಡ್ಡಿ ಒಂದೊಂದು ಸ್ಪೀಕರ್ ತಂತಿಗೆ. ಕಡ್ಡಿ ಜಾರಿ ಎರಡು ತಂತಿಗೆ ಒಟ್ಟಿಗೆ ತಾಗದ ಹಾಗೆ ಎಚ್ಚರ. ಎಂಟರಲ್ಲೂ ಆರು ವೋಲ್ಟಿನ ಆಸುಪಾಸು ಇದ್ದರೆ ಐಸಿ ಜೀವಂತವಾಗಿದೆ, ಎದ್ದು ಕೂತಿದೆ, ಅದಕ್ಕೆ ಹಾಡು ತಲುಪುತ್ತಿಲ್ಲ ಅಥವಾ ಯಾರೋ ಅದನ್ನು ಮ್ಯೂಟ್ ಮಾಡಿದ್ದಾರೆ. ಎಂಟರಲ್ಲೂ ಸೊನ್ನೆ ಇದ್ದರೆ ಐಸಿ ಮಲಗಿದೆ: ಅದಕ್ಕೆ ವಿದ್ಯುತ್ ಹೋಗುತ್ತಿಲ್ಲ, ಏಳು ಎಂಬ ಆದೇಶ ಬರುತ್ತಿಲ್ಲ, ಇಲ್ಲವೇ ಸತ್ತಿದೆ. ಉಳಿದವು ಆರು ವೋಲ್ಟ್ ತೋರಿಸುವಾಗ ಒಂದು ತಂತಿ ಮಾತ್ರ ಸೊನ್ನೆಯನ್ನೋ ಹನ್ನೆರಡನ್ನೋ ತೋರಿಸಿದರೆ ಆ ಚಾನಲ್ ಒಳಗೇ ಸುಟ್ಟಿದೆ. ಅಂಥ ಸೆಟ್ಟಿಗೆ ಸ್ಪೀಕರ್ ಕೂಡಿಸಬೇಡಿ, ಸುರುಳಿಯ ಮೂಲಕ ನೇರ ವಿದ್ಯುತ್ ಹರಿದು ಒಳ್ಳೆಯ ಸ್ಪೀಕರೂ ಹೊಗೆಯಾಡುತ್ತದೆ.

ಆರು ವೋಲ್ಟ್ ಸಿಕ್ಕಿದ್ದರೆ ಸೆಟ್ಟನ್ನು ತೆರೆಯುವ ಮುಂಚೆ ಹಾರ್ನೆಸ್ಸಿನಲ್ಲಿ, ಅಂದರೆ ಸೆಟ್ಟಿನ ಹಿಂದಿನ ತಂತಿಗಳ ಕಟ್ಟಿನಲ್ಲಿ, ಒಂದು ಒಂಟಿ ತಂತಿ ಹುಡುಕಿ. ಫೋನ್ ಬಂದಾಗ ಸೆಟ್ಟನ್ನು ಸುಮ್ಮನಾಗಿಸಲು ಕೊಟ್ಟಿರುವ ಮ್ಯೂಟ್ ತಂತಿ ಅದು, ಕೆಲವು ಕಂಪನಿಗಳಲ್ಲಿ ಕಂದು, ಕೆಲವದರಲ್ಲಿ ಕಪ್ಪು ಗೆರೆಯ ಹಳದಿ. ಅದನ್ನು ಅರ್ತಿಗೆ ತಾಗಿಸಿದರೆ ದನಿ ನಿಲ್ಲುತ್ತದೆ, ಬಿಟ್ಟರೆ ಬರುತ್ತದೆ. ನಮ್ಮಲ್ಲಿ ಅದನ್ನು ಯಾರೂ ಬಳಸದ ಕಾರಣ ತುದಿ ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ, ಟೇಪು ಕೂಡ ಸುತ್ತಿರುವುದಿಲ್ಲ. ಆ ಬೆತ್ತಲೆ ತುದಿ ಡ್ಯಾಶಿನ ಕಬ್ಬಿಣಕ್ಕೆ ಒರಗಿದರೆ ನೀವು ಬರೆದ ಲಕ್ಷಣಗಳೆಲ್ಲ ಅಕ್ಷರಶಃ ಕಾಣಿಸುತ್ತವೆ: ಎಲ್ಲವೂ ಓಡುತ್ತದೆ, ನಾಲ್ಕರಲ್ಲೂ ದನಿಯಿಲ್ಲ, ಗುಂಡಿಗೆ ಬಿದ್ದಾಗ ಬಂದು ಹೋಗುತ್ತದೆ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಸೆಟ್ಟಿನ ಹಿಂದೆ ಕೆಂಪು ಬಿಳಿ ಆರ್‌ಸಿಎ ತೂತುಗಳಿದ್ದರೆ ಅಲ್ಲಿಂದ ಮನೆಯ ಟಿವಿ ಸ್ಪೀಕರಿಗೋ ಆಕ್ಸ್ ತೂತಿರುವ ಬ್ಲೂಟೂತ್ ಸ್ಪೀಕರಿಗೋ ತಂತಿ ಎಳೆಯಿರಿ. ಅಲ್ಲಿ ಹಾಡು ಸ್ವಚ್ಛವಾಗಿ ಕೇಳಿದರೆ ಸೆಟ್ಟಿನಲ್ಲಿ ಐಸಿಗಿಂತ ಮೊದಲಿನ ಭಾಗವೆಲ್ಲ ಸರಿಯಿದೆ, ತಪ್ಪು ಕೊನೆಯ ಆ ಐಸಿ ಮತ್ತು ಅದರ ಸುತ್ತಮುತ್ತ ಮಾತ್ರ. ಇದೇ ಪ್ರಯೋಗವನ್ನು ಸ್ಪೀಕರ್ ತಂತಿಗಳಿಂದ ಮಾಡಬೇಡಿ, ಅಲ್ಲಿರುವ ಆರು ವೋಲ್ಟ್ ಆಕ್ಸ್ ತೂತಿಗೆ ಹೋದರೆ ಎರಡಕ್ಕೂ ಕೇಡು.

ಸೆಟ್ಟು ತೆರೆಯಲೇಬೇಕಾಯಿತು ಎಂದರೆ ಮನೆಯೊಳಗೆ ಮೇಜಿನ ಮೇಲೆ ತನ್ನಿ. ಮೇಲಿನ ಮುಚ್ಚಳ, ಕೆಳಗಿನ ಮುಚ್ಚಳ ಎರಡನ್ನೂ ತೆಗೆದು, ಬೋರ್ಡಿನ ಬೆಸುಗೆಯ ಬದಿಯನ್ನು ಭೂತಗನ್ನಡಿ ಹಿಡಿದು ಒಳ್ಳೆಯ ಬೆಳಕಿನಲ್ಲಿ ನೋಡಿ. ದೊಡ್ಡ ಐಸಿಯ 25 ಕಾಲುಗಳು, ಹಿಂದಿನ ಕಪ್ಲರಿನ ಕಾಲುಗಳು, ದೊಡ್ಡ ಕೆಪಾಸಿಟರ್ ಮತ್ತು ಕಾಯಿಲಿನ ಕಾಲುಗಳು. ಯಾವುದಾದರೂ ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರ ಕಾಣುತ್ತದೆಯೇ? ಅದೇ ಡ್ರೈ ಸೋಲ್ಡರ್. ಐಸಿ ಕಾದು ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ, ಮೇಲೆ ಘಾಟಿಯ ರಸ್ತೆಯ ಕುಲುಕು. ವರ್ಷಗಳಾದ ಮೇಲೆ ಬೆಸುಗೆ ಬಿರುಕು ಬಿಡುತ್ತದೆ. ಉಂಗುರ ಕಾಣಲಿ ಬಿಡಲಿ, ನನ್ನ ಸಲಹೆ ಆ 25 ಕಾಲುಗಳನ್ನೂ ಕಪ್ಲರಿನ ಕಾಲುಗಳನ್ನೂ ಹೊಸದಾಗಿ ಬೆಸೆಯುವುದು. 40ರಿಂದ 60 ವ್ಯಾಟಿನ ಐರನ್ ಬೇಕು, 25 ವ್ಯಾಟಿನದು ಅರ್ತ್ ಕಾಲುಗಳ ಅಗಲ ತಾಮ್ರಕ್ಕೆ ಸಾಲದು. ಈಚಿನ ಬೋರ್ಡುಗಳ ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿ ಬೇಕು, ಸೀಸ ಇರುವ 60/40 ತಂತಿ 190ರ ಒಳಗೇ ಕರಗುತ್ತದೆ. ಹಾಗಾಗಿ ಫ್ಲಕ್ಸ್ ಹಚ್ಚಿ, ಹಳೆಯದರ ಮೇಲೆ ಹೊಸ 60/40 ಸ್ವಲ್ಪ ಕೊಟ್ಟರೆ ಎರಡೂ ಬೆರೆತು ಚೆನ್ನಾಗಿ ಹರಿಯುತ್ತವೆ. ಒಂದು ಕಾಲಿಗೆ ಎರಡು ಮೂರು ಸೆಕೆಂಡು. ಪಕ್ಕದ ಕಾಲಿಗೆ ಸೇತುವೆ ಕಟ್ಟಿದೆಯೇ ಎಂದು ಕೊನೆಗೆ ಭೂತಗನ್ನಡಿ ಹಿಡಿದು ನೋಡಿ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮುಗಿದ ಮೇಲೆ ಕೈ ಸೋಪಿನಿಂದ ತೊಳೆಯಿರಿ.

ಇಷ್ಟಕ್ಕೂ ದನಿ ಬರದಿದ್ದರೆ ಐಸಿಯ ಮೇಲಿನ ಅಂಕಿ ಓದಿ, ಅದರ ಡೇಟಾಶೀಟನ್ನು (ತಯಾರಕರ ವಿವರಪತ್ರವನ್ನು) ಅಂತರ್ಜಾಲದಿಂದ ಇಳಿಸಿಕೊಳ್ಳಿ. ಟಿಡಿಎ 7388 ಆಗಿದ್ದರೆ 6 ಮತ್ತು 20ನೇ ಕಾಲುಗಳಲ್ಲಿ 12 ವೋಲ್ಟ್ ಇರಬೇಕು. 4ನೇ ಕಾಲು ಸ್ಟ್ಯಾಂಡ್‌ಬೈ, 22ನೆಯದು ಮ್ಯೂಟ್. ಹಾಡುವಾಗ ಎರಡೂ ಮೂರೂವರೆ ವೋಲ್ಟಿಗಿಂತ ಮೇಲಿರಬೇಕು. ಒಂದೂವರೆಗಿಂತ ಕೆಳಗಿದ್ದರೆ 4ನೆಯದು ಐಸಿಯನ್ನು ಮಲಗಿಸುತ್ತದೆ, 22ನೆಯದು ಬಾಯಿ ಮುಚ್ಚಿಸುತ್ತದೆ. ಈ ಕಾಲುಗಳ ಬಳಿ ಅರ್ತಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ಆನ್ ಮಾಡಿದಾಗ ಟಪ್ ಎಂಬ ಸದ್ದು ಬರದಿರಲೆಂದು. ಅದು ಸೋರತೊಡಗಿದರೆ ವೋಲ್ಟೇಜ್ ಮೇಲೇರುವುದೇ ಇಲ್ಲ. ಬದಲಿಸಲು ಕೆಲವೇ ರೂಪಾಯಿ. ಎಲ್ಲ ವೋಲ್ಟೇಜೂ ಸರಿಯಿದ್ದು, 11, 12, 14, 15ನೇ ಇನ್‌ಪುಟ್ ಕಾಲುಗಳ ಹತ್ತಿರ ಹಾಡು ಬರುತ್ತಿದ್ದರೆ, ಆಗ ಮಾತ್ರ ಐಸಿ ಸತ್ತಿದೆ ಎನ್ನಿ. ಹಾಡು ಬರುತ್ತಿದೆಯೇ ಎಂದು ಕೇಳಲು ಹಳೆಯ ಇಯರ್‌ಫೋನಿನ ಒಂದು ತಂತಿಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ ಅದನ್ನೇ ಕಡ್ಡಿ ಮಾಡಿಕೊಳ್ಳಿ, ಇನ್ನೊಂದು ತಂತಿ ಅರ್ತಿಗೆ. ಸಣ್ಣದಾಗಿ ಕೇಳುತ್ತದೆ, ಅಷ್ಟು ಸಾಕು. ಕಿವಿಗೆ ಸಿಕ್ಕಿಸಿಕೊಳ್ಳದೆ ಹತ್ತಿರ ಹಿಡಿದು ಕೇಳಿ, ಕಡ್ಡಿ ತಪ್ಪಿ ತಾಗಿದಾಗ ಬರುವ ಸದ್ದು ಜೋರು.

ಐಸಿ ಬದಲಿಸುವಾಗ ಹಳೆಯದನ್ನು ಉಳಿಸುವ ಆಸೆ ಬೇಡ. ಕಾಲುಗಳನ್ನೆಲ್ಲ ಸಣ್ಣ ಕಟರಿನಿಂದ ಕತ್ತರಿಸಿ ಐಸಿಯನ್ನು ತೆಗೆದು, ಉಳಿದ ಒಂದೊಂದು ಕಾಲನ್ನೂ ಬಿಸಿ ಮಾಡಿ ಚಿಮುಟದಿಂದ ಎಳೆಯಿರಿ. 25 ಕಾಲನ್ನೂ ಒಟ್ಟಿಗೆ ಬಿಡಿಸಲು ಹೋದರೆ ಬೋರ್ಡಿನ ತಾಮ್ರವೇ ಎದ್ದು ಬರುತ್ತದೆ. ಹೊಸದನ್ನು ತೂರಿಸಿ, ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ, ಮೊದಲು ಹೀಟ್‌ಸಿಂಕಿಗೆ ಸ್ಕ್ರೂ ಬಿಗಿದು ಆಮೇಲೆ ಬೆಸೆಯಿರಿ. ತಿರುವುಮುರುವು ಮಾಡಿದರೆ ಕಾಲುಗಳ ಮೇಲೆ ಎಳೆತ ಉಳಿದು ಮತ್ತೆ ಬಿರುಕು ಬಿಡುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಇಂಥ ಐಸಿಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಅಂಕಿ ಅಳಿಸಿ ಮತ್ತೆ ಅಚ್ಚೊತ್ತಿದ ನಕಲಿಗಳೂ ಅಲ್ಲೇ ಸಿಗುತ್ತವೆ. ತೀರ ಅಗ್ಗದ್ದು, ಕಾಲುಗಳಲ್ಲಿ ಹಳೆಯ ಬೆಸುಗೆಯ ಗುರುತು ಇರುವುದು, ಉಜ್ಜಿದರೆ ಅಕ್ಷರ ಮಾಸುವುದು ಬೇಡ. ಹೊರರೂಪ ಒಂದೇ ಎಂದು ಬೇರೆ ಅಂಕಿಯದನ್ನು ಹಾಕಬೇಡಿ.

ರಿಪೇರಿಯಾದ ಮೇಲೆ ಮೊದಲ ಸಲ ವಿದ್ಯುತ್ ಕೊಡುವಾಗ ಬ್ಯಾಟರಿಯ ಪ್ಲಸ್‌ಗೂ ಸೆಟ್ಟಿನ ಹಳದಿ ತಂತಿಗೂ ನಡುವೆ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಸೇರಿಸಿ. ಎಲ್ಲ ಸರಿಯಿದ್ದರೆ ಬಲ್ಬು ಮಿಣುಕಾಗಿರುತ್ತದೆ ಅಥವಾ ಉರಿಯುವುದೇ ಇಲ್ಲ. ಝಗ್ಗನೆ ಉರಿದರೆ ಒಳಗೆ ಶಾರ್ಟ್ ಇದೆ, ಆದರೆ ಬಲ್ಬು ಅಡ್ಡ ನಿಂತಿರುವುದರಿಂದ ಹೊಸ ಐಸಿ ಉಳಿಯುತ್ತದೆ. ಫ್ಯೂಸ್ ಹಾರಿದರೆ ಅದೇ ಅಂಕಿಯದನ್ನೇ ಹಾಕಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸಿನಿಂದ ಡ್ಯಾಶ್ ಒಳಗೆ ತಂತಿಯ ಕಟ್ಟೇ ಕರಗಿಹೋದ ಕಾರೊಂದನ್ನು ನಾನು ಕಂಡಿದ್ದೇನೆ, ಒಳಗಿದ್ದವರು ಹೊರಗೆ ಬಂದಿದ್ದು ಹೊಗೆ ಮೊದಲು ಕಂಡಿದ್ದರಿಂದ ಮಾತ್ರ.

ಇದನ್ನು ಓದುವ ಬೇರೆಯವರ ಕಾರಿನಲ್ಲಿ ಸೀಟಿನ ಅಡಿಯಲ್ಲೋ ಡಿಕ್ಕಿಯಲ್ಲೋ ಪ್ರತ್ಯೇಕ ಆಂಪ್ಲಿಫೈಯರ್ ಇದ್ದರೆ ಮೊದಲು ನೋಡಬೇಕಾದ್ದು ಬಿಳಿ ಗೆರೆಯ ನೀಲಿ ತಂತಿ. ಸೆಟ್ಟು ಆನ್ ಆದಾಗ ಅದರಲ್ಲಿ 12 ವೋಲ್ಟ್ ಬಂದು ಆಂಪ್ಲಿಫೈಯರನ್ನು ಎಬ್ಬಿಸಬೇಕು. ಸೆಟ್ಟು ಬದಲಿಸಿದ ಮೇಲೆ ದನಿ ಹೋಯಿತು ಎನ್ನುವವರ ಕಾರಿನಲ್ಲಿ ಈ ತಂತಿಯನ್ನು ಕೂಡಿಸಲು ಮರೆತಿರುವುದೇ ಹೆಚ್ಚು.

ನಿಮ್ಮ ವಿಷಯಕ್ಕೆ ಬಂದರೆ, ಒಂದು ಭಾನುವಾರದ ಬೆಳಗ್ಗೆ ಸಾಕು. ಎಂಟು ತಂತಿಗಳ ಓಮ್ ಅಳತೆ, ಬಾಡಿಗೆ ಅಳೆದದ್ದು, ಸ್ಪೀಕರ್ ಬಿಚ್ಚಿಟ್ಟು ಅಳೆದ ಎಂಟು ವೋಲ್ಟೇಜು, ಇವನ್ನು ಬಣ್ಣದ ಹೆಸರಿನ ಜೊತೆ ಬರೆದಿಟ್ಟುಕೊಳ್ಳಿ. ತಂತಿಯದ್ದೇ ತಪ್ಪಾಗಿದ್ದರೆ ಅಲ್ಲಿಗೇ ನಿಮಗೆ ಗೊತ್ತಾಗುತ್ತದೆ. ಎಂಟರಲ್ಲೂ ಆರು ವೋಲ್ಟ್ ಇದ್ದು, ಮ್ಯೂಟ್ ತಂತಿ ಬಿಡಿಸಿದ ಮೇಲೂ ದನಿ ಬರದಿದ್ದರೆ ಆ ಅಳತೆಗಳನ್ನೂ ಐಸಿಯ ಮೇಲಿನ ಅಂಕಿಯನ್ನೂ ಬೋರ್ಡಿನ ಬೆಸುಗೆಯ ಬದಿಯ ಒಂದು ಸ್ಪಷ್ಟ ಚಿತ್ರವನ್ನೂ ಕಳಿಸಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಹೊಸ ಸೆಟ್ಟಿಗೆ ಮುಂಗಡ ಕೊಡಬೇಡಿ. ಬಾಗಿಲಿನ ತಂತಿ ಶಾರ್ಟ್ ಆಗಿದ್ದರೆ ಹೊಸ ಸೆಟ್ಟೂ ಅದೇ ತಂತಿಗೆ ಕೂಡಬೇಕು.